ಮೂಸೆಯ ಮುಂದಿನ ಅರಿವು: ಪಶ್ಚಿಮ ಬೆಂಗಳೂರಿನ ಅಲ್ಯೂಮಿನಿಯಂ ಎರಕ ಮತ್ತು ಲೋಹ ಬೆರೆಸುವ ವಿಧಾನಗಳು

ಕರ್ನಾಟಕದ ಜಾನಪದ ಅಧ್ಯಯನವು ಲೋಹವೃತ್ತಿಗಳನ್ನು ಕಡೆಗಣಿಸಿಲ್ಲ. ಕಮ್ಮಾರನ ತಿದಿ, ಕಂಚುಗಾರನ ಮೂಸೆ, ಅಕ್ಕಸಾಲಿಗನ ಕುಲುಮೆ ಇವುಗಳಿಗೆ ಸಂಬಂಧಿಸಿದ ಪದಗಳು ವೃತ್ತಿಪದಗಳ ಸಂಗ್ರಹಗಳಲ್ಲಿ ಸೇರಿವೆ. ಆದರೆ ನಗರದ ತಗಡಿನ ಶೆಡ್ಡಿನಲ್ಲಿ ಅಲ್ಯೂಮಿನಿಯಂ ಕರಗಿಸುವವನ ಅರಿವು ಈ ಅಧ್ಯಯನದ ಪರಿಧಿಯೊಳಗೆ ಬಂದುದು ಕಡಿಮೆ. ಅವನು ಕಾರ್ಖಾನೆಯವನು, ಆದುದರಿಂದ ಜಾನಪದಕ್ಕೆ ಹೊರಗಿನವನು ಎಂಬ ಹೇಳದೆ ಒಪ್ಪಿಕೊಂಡ ನಿಲುವು ಇದಕ್ಕೆ ಕಾರಣ. ಒಂದಾದರೂ ಸಮಾನ ಅಂಶವನ್ನು ಹಂಚಿಕೊಂಡ ಯಾವುದೇ ಗುಂಪು ‘ಜನಪದ’ವಾಗಬಲ್ಲದು, ವೃತ್ತಿಯೂ ಅಂತಹ ಅಂಶವೇ ಎಂದು ಅಲನ್ ಡಂಡೆಸ್ 1965ರಲ್ಲಿಯೇ ವಾದಿಸಿದ್ದರು. ಆ ನಿಲುವನ್ನು ಒಪ್ಪಿಕೊಂಡು ಪ್ರಸ್ತುತ ಲೇಖನವು ರಾಜಾಜಿನಗರ, ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆಯ ಆಸುಪಾಸಿನ ಎರಕದ ಕೆಲಸದಲ್ಲಿ ಒಂದೇ ಒಂದು ಕ್ರಿಯೆಯನ್ನು ಪರಿಶೀಲಿಸುತ್ತದೆ. ಕರಗಿದ ಅಲ್ಯೂಮಿನಿಯಮ್ಮಿಗೆ ಬೇರೆ ಧಾತುಗಳನ್ನು ಯಾವಾಗ, ಯಾವ ಕ್ರಮದಲ್ಲಿ, ಹೇಗೆ ಸೇರಿಸಬೇಕು ಎಂಬುದೇ ಆ ಕ್ರಿಯೆ.

ಹಳೆಯ ಎರಕ, ಹೊಸ ಲೋಹ

ಕನ್ನಡ ನಾಡಿನಲ್ಲಿ ಎರಕದ ವಿದ್ಯೆ ಪ್ರಾಚೀನವಾದುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮೇಣದ ಅಚ್ಚಿನಿಂದ ವಿಗ್ರಹ ಎರೆಯುವ ವಿಧಾನದ ವಿವರಣೆಯಿದೆ. ಮಂಡ್ಯ ಜಿಲ್ಲೆಯ ನಾಗಮಂಗಲದ ಎರಕದವರು ಈ ಪರಂಪರೆಯ ಹೆಸರಾಂತ ವಾರಸುದಾರರು. ತಾಮ್ರಕ್ಕೆ ತವರ ಬೆರೆಸಿದರೆ ಕಂಚು, ಸತು ಬೆರೆಸಿದರೆ ಹಿತ್ತಾಳೆ. ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸತು 907 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಆದ್ದರಿಂದ ಹಿತ್ತಾಳೆ ಎರೆಯುವವನು ಸತುವನ್ನು ಕಡೆಗೆ ಹಾಕುತ್ತಾನೆ, ಬೇಗ ಕಲಕುತ್ತಾನೆ, ಮೇಲೇಳುವ ಬಿಳಿಯ ಹೊಗೆಯನ್ನು ನೋಡಿ ನಷ್ಟವನ್ನು ಅಂದಾಜು ಮಾಡುತ್ತಾನೆ. ಬೆರೆಸುವಿಕೆಯಲ್ಲಿ ಪ್ರಮಾಣದಷ್ಟೇ ಕ್ರಮವೂ ಮುಖ್ಯವೆಂಬ ತಿಳಿವಳಿಕೆ ಹೀಗೆ ಮೊದಲಿನಿಂದಲೂ ಇದ್ದಿತು.

ಅಲ್ಯೂಮಿನಿಯಂ ಈ ಪರಂಪರೆಗೆ ತಡವಾಗಿ ಬಂದ ಲೋಹ. 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಹೆರೌ ಇಬ್ಬರೂ ವಿದ್ಯುತ್ತಿನಿಂದ ಅದನ್ನು ಬಿಡಿಸುವ ವಿಧಾನವನ್ನು ಪ್ರತ್ಯೇಕವಾಗಿ ಕಂಡುಕೊಂಡ ಮೇಲೆಯೇ ಅದು ಅಗ್ಗವಾಯಿತು. ಶುದ್ಧ ಅಲ್ಯೂಮಿನಿಯಂ ಮೆದು. 1906ರಲ್ಲಿ ಜರ್ಮನಿಯ ಆಲ್‌ಫ್ರೆಡ್ ವಿಲ್ಮ್, ಸ್ವಲ್ಪ ತಾಮ್ರ ಮತ್ತು ಮೆಗ್ನೀಸಿಯಂ ಬೆರೆತ ಅಲ್ಯೂಮಿನಿಯಮ್ಮನ್ನು ಕಾಯಿಸಿ ತಣಿಸಿ ಇಟ್ಟರೆ ಅದು ದಿನಗಳೆದಂತೆ ಗಟ್ಟಿಯಾಗುವುದನ್ನು ಗಮನಿಸಿದನು. ವಿಮಾನದ ಯುಗ ನಿಂತದ್ದು ಈ ಬೆರಕೆಯ ಮೇಲೆ. 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆ ಬೆಂಗಳೂರಿನಲ್ಲಿ ಆರಂಭವಾದಾಗ ಹಗುರ ಮಿಶ್ರಲೋಹಗಳ ಕೆಲಸವೂ ನಗರಕ್ಕೆ ಬಂದಿತು.

ನಗರದ ಪಶ್ಚಿಮ ಭಾಗದ ಕಥೆ ಬೇರೆ. 1946ರಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿ ಸ್ಥಾಪಿತವಾಯಿತು. ಮುಂದೆ ರಾಜಾಜಿಯವರ ಹೆಸರಿನಲ್ಲಿ ಕೈಗಾರಿಕಾ ಉಪನಗರ ಬೆಳೆಯಿತು. ಸಣ್ಣ ಉದ್ಯಮಗಳಿಗಾಗಿ ರಾಜಾಜಿನಗರದ ಕೈಗಾರಿಕಾ ವಸಾಹತು ರೂಪುಗೊಂಡಿತು. 1972ರಲ್ಲಿ ಡೆನ್ಮಾರ್ಕಿನ ನೆರವಿನೊಂದಿಗೆ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಅಚ್ಚು ಮಾಡುವವರನ್ನು ತಯಾರಿಸಿತು. ಅಚ್ಚು ಮಾಡುವವನಿಗೆ ತರಗತಿಯಿತ್ತು, ಪ್ರಮಾಣಪತ್ರವಿತ್ತು. ಆ ಅಚ್ಚಿನೊಳಗೆ ಲೋಹ ಹೊಯ್ಯುವವನು ಬಹುತೇಕ ನೋಡಿ ಕಲಿತವನು. ಜಾನಪದ ವಿದ್ವಾಂಸರ ಗಮನ ಹರಿಯಬೇಕಾದುದು ಈ ಎರಡನೆಯವನ ಕಡೆಗೆ.

ಕಣ್ಣಿಗೆ ಕಾಣದ ಕಾವು

ಕಂಚುಗಾರನ ಮೊದಲ ಅಳತೆಗೋಲು ಬಣ್ಣ. ಕೆಂಪು, ಕಿತ್ತಳೆ, ಹಳದಿ ಎಂದು ಲೋಹ ತನ್ನ ಕಾವನ್ನು ತಾನೇ ಹೇಳುತ್ತದೆ. ಅಲ್ಯೂಮಿನಿಯಂ ಹಾಗಲ್ಲ. ಅದು 660 ಡಿಗ್ರಿಯಲ್ಲಿ ಕರಗುತ್ತದೆ. ಎರಕ ಹೊಯ್ಯುವುದು ಸಾಮಾನ್ಯವಾಗಿ 680ರಿಂದ 750 ಡಿಗ್ರಿಯೊಳಗೆ. ಆ ಕಾವಿನಲ್ಲಿಯೂ ಹಗಲ ಬೆಳಕಿನಲ್ಲಿ ಅದು ಬೆಳ್ಳಿಯಂತೆ ತಣ್ಣಗೆ ಕಾಣುತ್ತದೆ. ಸುಟ್ಟುಬಿಡುವ ಲೋಹ ಸುಡುವಂತೆ ತೋರದಿರುವುದೇ ಇದರ ಮೊದಲ ಅಪಾಯ. ಹಳೆಯ ಎರಕದ ಅರಿವು ಇಲ್ಲಿ ನೇರವಾಗಿ ಕೆಲಸಕ್ಕೆ ಬರಲಿಲ್ಲ. ಮೇಲಿನ ಕೆನೆಯ ಸ್ವರೂಪ, ಕಲಕುವಾಗ ಕೈಗೆ ತಿಳಿಯುವ ಬಿಗಿ, ಸೌಟಿನಿಂದ ಜಾರುವ ಲೋಹದ ಓಟ ಇವೇ ಹೊಸ ಗುರುತುಗಳಾದವು. ಉಷ್ಣಮಾಪಕ ಬಂದ ಮೇಲೂ ಈ ಗುರುತುಗಳು ಪೂರ್ತಿ ಮರೆಯಾಗಿಲ್ಲ.

ಮುಳುಗುವುದು, ತೇಲುವುದು, ಕರಗದಿರುವುದು

ಬೆರೆಸುವ ಧಾತುಗಳನ್ನು ಲೋಹವಿಜ್ಞಾನದ ಪುಸ್ತಕಗಳು ಸಂಯೋಜನೆಯ ದೃಷ್ಟಿಯಿಂದ ವಿಂಗಡಿಸುತ್ತವೆ. ಮೂಸೆಯ ಮುಂದೆ ನಿಂತವನಿಗೆ ಬೇಕಾದುದು ಅವುಗಳ ನಡತೆ. ಆ ದೃಷ್ಟಿಯಿಂದ ಮೂರು ವರ್ಗಗಳನ್ನು ಗುರುತಿಸಬಹುದು.

ಮೊದಲನೆಯದು ಮುಳುಗುವ ಲೋಹ. ತಾಮ್ರ ಕರಗಿದ ಅಲ್ಯೂಮಿನಿಯಮ್ಮಿಗಿಂತ ಸುಮಾರು ನಾಲ್ಕು ಪಟ್ಟು ತೂಕದ್ದು. ತನ್ನ ಕರಗುವ ಉಷ್ಣತೆಗಿಂತ ಬಹಳ ಕೆಳಗೆಯೇ ಅದು ಅಲ್ಯೂಮಿನಿಯಮ್ಮಿನಲ್ಲಿ ಲೀನವಾಗುತ್ತದೆ. ಆದರೆ ಕಲಕದಿದ್ದರೆ ತಳದಲ್ಲಿ ಗಾಢವಾಗಿ, ಮೇಲೆ ತೆಳುವಾಗಿ ಉಳಿಯುತ್ತದೆ. ಒಂದೇ ಮೂಸೆಯಿಂದ ಹೊಯ್ದ ಮೊದಲ ಭಾಗವೂ ಕಡೆಯ ಭಾಗವೂ ಬೇರೆ ಬೇರೆ ಲೋಹವಾಗುವುದು ಹೀಗೆ. ಇದಕ್ಕೆ ಪರಿಹಾರವಾಗಿ ಅರ್ಧ ತಾಮ್ರ, ಅರ್ಧ ಅಲ್ಯೂಮಿನಿಯಂ ಇರುವ ಗಟ್ಟಿಯನ್ನು ಮೊದಲೇ ಮಾಡಿಟ್ಟುಕೊಂಡು ಅದನ್ನು ಸೇರಿಸುವುದು ರೂಢಿ. ಅಂತಹ ಗಟ್ಟಿ 600 ಡಿಗ್ರಿಯ ಆಸುಪಾಸಿನಲ್ಲಿಯೇ ಕರಗುತ್ತದೆ. ಇದಕ್ಕೆ ‘ಮಾಸ್ಟರ್ ಅಲಾಯ್’ ಎಂದೂ ‘ಹಾರ್ಡನರ್’ ಎಂದೂ ಹೆಸರು. ಹೆಪ್ಪಿಗೆ ಹಾಲು ಹೊಂದುವಂತೆ ಮೂಸೆಯ ಲೋಹ ಇದಕ್ಕೆ ಬೇಗ ಹೊಂದಿಕೊಳ್ಳುತ್ತದೆ.

ಎರಡನೆಯದು ತೇಲುವ ಲೋಹ. ಮೆಗ್ನೀಸಿಯಂ ಅಲ್ಯೂಮಿನಿಯಮ್ಮಿಗಿಂತ ಹಗುರ. ಮೇಲೆ ಎಸೆದರೆ ತೇಲಿ ಹೊತ್ತಿ ಉರಿದುಹೋಗುತ್ತದೆ. ಎಲ್.ಎಂ.25 ಎಂಬ ಮಿಶ್ರಲೋಹದಲ್ಲಿ ಇರಬೇಕಾದ ಮೆಗ್ನೀಸಿಯಂ ಶೇಕಡ 0.2ರಿಂದ 0.6 ಮಾತ್ರ. ಶೇಕಡ 0.35 ಬೇಕೆಂದರೆ ನೂರು ಕಿಲೋ ಲೋಹಕ್ಕೆ 350 ಗ್ರಾಂ. ಇಷ್ಟು ಸಣ್ಣ ಪ್ರಮಾಣದಲ್ಲಿ ಒಂದು ಭಾಗ ಉರಿದುಹೋದರೂ ಎರಕದ ಬಲ ಕುಸಿಯುತ್ತದೆ. ಆದ್ದರಿಂದ ಮೆಗ್ನೀಸಿಯಂ ತುಂಡನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ತೂತುಗಳಿರುವ ಗಂಟೆಯಾಕಾರದ ಸಾಧನದೊಳಗೆ ಇಟ್ಟು, ಮೂಸೆಯ ತಳದವರೆಗೆ ಅದ್ದಿ ಹಿಡಿಯುತ್ತಾರೆ. ಕಾಮಾಕ್ಷಿಪಾಳ್ಯದ ಒಂದು ಶೆಡ್ಡಿನಲ್ಲಿ ಈ ಲೇಖಕ ಕಂಡಂತೆ, ಅದ್ದುವ ಮುನ್ನ ಆ ಸಾಧನವನ್ನು ಕುಲುಮೆಯ ಬಾಯಿಗೆ ಹಿಡಿದು ಚೆನ್ನಾಗಿ ಕಾಯಿಸಲಾಯಿತು. ಹಸಿ ಸಾಧನವನ್ನು ಲೋಹಕ್ಕೆ ಇಳಿಸಕೂಡದೆಂಬ ನಿಯಮವನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕಿರಿಯನು ಹಿರಿಯನ ಕೈ ನೋಡಿ ಹಾಗೆಯೇ ಮಾಡಿದನು. ಲೋಹದ ಕೆಳಗೆ ಸಿಕ್ಕಿದ ನೀರು ಒಮ್ಮೆಲೇ ಆವಿಯಾದರೆ ಮೂಸೆಯೇ ಸಿಡಿಯುತ್ತದೆ. ಈ ಮೌನಪಾಠದ ಹಿಂದಿರುವುದು ಆ ಭಯ.

ಮೂರನೆಯದು ಸುಲಭವಾಗಿ ಕರಗದ ಧಾತುಗಳು. ಸಿಲಿಕಾನ್ 1414, ಮ್ಯಾಂಗನೀಸ್ 1246, ಟೈಟಾನಿಯಂ 1668 ಡಿಗ್ರಿಗಳಲ್ಲಿ ಕರಗುತ್ತವೆ. ಸಿಲಿಕಾನನ್ನು ಪುಡಿಯಾಗಿ ಹಾಕಿದರೆ ಕಿಟ್ಟದಲ್ಲಿ ಸಿಕ್ಕಿಕೊಳ್ಳುತ್ತದೆ. ಹರಳುಗಳಾಗಿ ಹಾಕಿ, ಕಾವು ಏರಿಸಿ, ಲೋಹದೊಳಗೆ ಒತ್ತಿ ಹಿಡಿಯಬೇಕು. ಮ್ಯಾಂಗನೀಸನ್ನು ಪುಡಿ ಒತ್ತಿ ಮಾಡಿದ ಬಿಲ್ಲೆಗಳಾಗಿ ಅಥವಾ ಮಾಸ್ಟರ್ ಅಲಾಯ್ ರೂಪದಲ್ಲಿ ಸೇರಿಸುವುದುಂಟು. ಎರಕದ ಕಣಗಳನ್ನು ಸಣ್ಣಗೊಳಿಸುವ ಟೈಟಾನಿಯಂ, ಬೋರಾನ್‌ಗಳು ಅಲ್ಯೂಮಿನಿಯಂ ಸರಳಿನೊಳಗೆ ಸೇರಿ ಬರುತ್ತವೆ. ಇವುಗಳ ಸೂಕ್ಷ್ಮ ಕಣಗಳು ಹೊತ್ತು ಕಳೆದಂತೆ ತಳಕ್ಕೆ ಇಳಿಯುವುದರಿಂದ ಹೊಯ್ಯುವ ಮುನ್ನ ಮತ್ತೆ ಕಲಕುವುದು ಅಗತ್ಯ.

ಹೊತ್ತಿನ ಲೆಕ್ಕ

ಬೆರೆಸಿದ ಮಾತ್ರಕ್ಕೆ ಬೆರೆತದ್ದು ಉಳಿಯುವುದಿಲ್ಲ. ಸಿಲಿಕಾನ್ ಹೆಚ್ಚಿರುವ ಎರಕವು ಒರಟು ಹರಳುಗಳಿಂದಾಗಿ ಪೆಡಸಾಗುತ್ತದೆ. ಅಲಾದಾರ್ ಪಾಚ್ ಎಂಬಾತ ಸೋಡಿಯಂ ಲವಣದಿಂದ ಈ ಹರಳುಗಳನ್ನು ನಯಗೊಳಿಸುವ ವಿಧಾನಕ್ಕೆ 1921ರಲ್ಲಿ ಅಮೆರಿಕದಲ್ಲಿ ಸ್ವಾಮ್ಯಪತ್ರ ಪಡೆದನು. ಆದರೆ ಸೋಡಿಯಂ ಕರಗಿದ ಲೋಹದಿಂದ ಬೇಗ ಆರಿಹೋಗುತ್ತದೆ. ತಡಮಾಡಿದವನಿಗೆ ಅದರ ಫಲ ಸಿಗದು. ಸ್ಟ್ರಾಂಷಿಯಂ ಹೆಚ್ಚು ಹೊತ್ತು ನಿಲ್ಲುವುದರಿಂದ ಮುಂದೆ ಅದಕ್ಕೆ ಪ್ರಾಶಸ್ತ್ಯ ದೊರೆಯಿತು.

ಕ್ರಮ ತಪ್ಪಿದರೂ ಹೀಗೆಯೇ. ಕರಗಿದ ಅಲ್ಯೂಮಿನಿಯಂ ತೇವದಿಂದ ಹೈಡ್ರೋಜನ್ ಹೀರಿಕೊಂಡು, ಗಟ್ಟಿಯಾಗುವಾಗ ಅದನ್ನು ಬಿಡುತ್ತದೆ. ಎರಕದಲ್ಲಿ ಸೂಜಿಮೊನೆಯಂತಹ ತೂತುಗಳು ಉಳಿಯುವುದು ಇದರಿಂದ. ಈ ಅನಿಲವನ್ನು ಹೊರದೂಡಲು ಬಹುಕಾಲ ಬಳಕೆಯಲ್ಲಿದ್ದುದು ಹೆಕ್ಸಾಕ್ಲೋರೋಈಥೇನ್ ಬಿಲ್ಲೆ. ಅದರಿಂದ ಹೊಮ್ಮುವ ಕ್ಲೋರಿನ್ ಮೆಗ್ನೀಸಿಯಮ್ಮನ್ನೂ ತಿನ್ನುತ್ತದೆ. ಆದುದರಿಂದ ಮೊದಲು ಬಿಲ್ಲೆ, ಆಮೇಲೆ ಮೆಗ್ನೀಸಿಯಂ ಎಂಬ ಕ್ರಮ ಏರ್ಪಟ್ಟಿತು. ಹಿತ್ತಾಳೆಯಲ್ಲಿ ಕಡೆಗೆ ಬರುತ್ತಿದ್ದುದು ಸತು. ಇಲ್ಲಿ ಆ ಸ್ಥಾನ ಮೆಗ್ನೀಸಿಯಮ್ಮಿನದು. ಅಲ್ಯೂಮಿನಿಯಮ್ಮಿನ ಕಾವಿನಲ್ಲಿ ಸತು ಕುದಿಯುವುದೇ ಇಲ್ಲ. ಧಾತು ಬದಲಾಗಿದೆ, ಕಳೆದುಹೋಗುವುದನ್ನು ಕಡೆಗೆ ಹಾಕು ಎಂಬ ತತ್ತ್ವ ಬದಲಾಗಿಲ್ಲ. ಎರಡು ಲೋಹಯುಗಗಳ ನಡುವಿನ ನಿಜವಾದ ಕೊಂಡಿ ಇದು.

ಬೇಡದೆ ಬೆರೆಯುವ ಧಾತುವೂ ಒಂದಿದೆ: ಕಬ್ಬಿಣ. ಬಳಿದ ಲೇಪ ಕಿತ್ತುಹೋದ ಸೌಟು, ಗುಜರಿಯಲ್ಲಿ ಉಳಿದ ತಿರುಪುಮೊಳೆ ಇವುಗಳಿಂದ ಅದು ಸದ್ದಿಲ್ಲದೆ ಸೇರುತ್ತದೆ; ಒಮ್ಮೆ ಸೇರಿದರೆ ಸುಲಭವಾಗಿ ಹೊರಬಾರದು. ಒತ್ತಡದ ಎರಕದಲ್ಲಿ ಲೋಹ ಅಚ್ಚಿಗೆ ಅಂಟದಿರಲು ಕೊಂಚ ಕಬ್ಬಿಣ ಬೇಕು. ಉಳಿದೆಡೆ ಅದು ಎರಕವನ್ನು ಮುರುಕಲಾಗಿಸುತ್ತದೆ. ಗುಜರಿಯನ್ನು ಆರಿಸುವ ಕಣ್ಣು ಕೂಡ ಮಿಶ್ರಣವಿದ್ಯೆಯ ಭಾಗವೇ ಆಗಿದೆ.

ಅರಿವಿನ ಬೆಲೆ

ಈ ಅರಿವನ್ನು ವೈಭವೀಕರಿಸುವುದು ಲೇಖನದ ಉದ್ದೇಶವಲ್ಲ. ಬಿಲ್ಲೆಯ ಹೊಗೆ ಕಣ್ಣು, ಗಂಟಲು, ಶ್ವಾಸಕೋಶಗಳಿಗೆ ಹಾನಿಕರ. ಹೊಗೆ ಎದ್ದಾಗ ಮುಖ ತಿರುಗಿಸಿ ಉಸಿರು ಹಿಡಿಯುವುದನ್ನೂ ಕೌಶಲವೆಂದು ಕಲಿತ ತಲೆಮಾರೊಂದಿದೆ. ಸಾರಜನಕ ಅಥವಾ ಆರ್ಗಾನ್ ಹಾಯಿಸುವ ಯಂತ್ರಗಳು ಆ ಹೊಗೆಯನ್ನು ತಪ್ಪಿಸಬಲ್ಲವು. ಅಂತಹ ಬದಲಾವಣೆಯನ್ನು ಸ್ವಾಗತಿಸಬೇಕು. ದೇಸೀ ಜ್ಞಾನವೆಂಬ ಗೌರವದ ಮಾತು ದುಡಿಯುವವನ ದೇಹ ತೆತ್ತ ಬೆಲೆಯನ್ನು ಮುಚ್ಚುವ ಪರದೆಯಾಗಬಾರದು.

ಇನ್ನೊಂದು ಕಡೆ, ನಿಗದಿತ ಸಂಯೋಜನೆಯ ಸಿದ್ಧ ಗಟ್ಟಿಗಳನ್ನು ಕೊಂಡು ಕರಗಿಸುವ ಪದ್ಧತಿ ಹೆಚ್ಚಿದಂತೆ ಬೆರೆಸುವ ಕೆಲಸವೇ ಶೆಡ್ಡಿನಿಂದ ಹೊರಗೆ ಸರಿಯುತ್ತದೆ. ರೋಹಿತಮಾಪಕವು ಲೋಹದ ಸಂಯೋಜನೆಯನ್ನು ಕ್ಷಣಗಳಲ್ಲಿ ಹೇಳುತ್ತದೆ. ನಗರವೂ ಬದಲಾಗಿದೆ. ಕಿರ್ಲೋಸ್ಕರ್ ಕಾರ್ಖಾನೆಯಿದ್ದ ನೆಲದಲ್ಲಿ ಇಂದು ವಸತಿಸಮುಚ್ಚಯವೂ 2012ರಲ್ಲಿ ತೆರೆದ ಒರಾಯನ್ ಮಾಲೂ ನಿಂತಿವೆ. ಆಯುಧಪೂಜೆಯ ದಿನ ಶೆಡ್ಡುಗಳಲ್ಲಿ ಯಂತ್ರಗಳಿಗೆ ಹೂವೇರಿಸಿ ಕುಂಬಳಕಾಯಿ ಒಡೆಯುವುದನ್ನು ನಮ್ಮ ಸಂಗ್ರಹಕಾರರು ದಾಖಲಿಸುತ್ತಾರೆ. ಮರುದಿನ ಅದೇ ಕುಲುಮೆಯ ಮುಂದೆ ನಡೆಯುವ ಕೆಲಸವನ್ನು ದಾಖಲಿಸುವವರಿಲ್ಲ.

ಆದಕಾರಣ ಮೂರು ಕೆಲಸಗಳು ತುರ್ತಾಗಿ ಆಗಬೇಕು. ಕನ್ನಡ, ತಮಿಳು, ತೆಲುಗು, ಹಿಂದಿ, ಇಂಗ್ಲಿಷ್ ಬೆರೆತ ಎರಕದ ಪರಿಭಾಷೆಯನ್ನು ಬೆರಕೆಯೆಂದು ತಳ್ಳದೆ ಇದ್ದಂತೆಯೇ ಸಂಗ್ರಹಿಸಬೇಕು. ಕೈಚಲನೆಯನ್ನು ದೃಶ್ಯಮುದ್ರಿಕೆಯಲ್ಲಿ ಹಿಡಿಯಬೇಕು, ಏಕೆಂದರೆ ಈ ವಿದ್ಯೆಯ ಹೆಚ್ಚಿನ ಭಾಗ ಮಾತಿನಲ್ಲಿಲ್ಲ. ಲೋಹವಿಜ್ಞಾನಿಯೊಬ್ಬರನ್ನು ಜೊತೆಗಿಟ್ಟುಕೊಂಡು ಪ್ರತಿಯೊಂದು ರೂಢಿಯ ಕಾರಣವನ್ನು ಪರಿಶೀಲಿಸಬೇಕು. ನಿಜವಾದುದನ್ನೂ ತಪ್ಪಾದುದನ್ನೂ ಬೇರ್ಪಡಿಸಬೇಕು. ನಾಗಮಂಗಲದ ಎರಕದವನಿಗೆ ಸಲ್ಲುವ ಗಮನ ಕಾಮಾಕ್ಷಿಪಾಳ್ಯದ ಎರಕದವನಿಗೂ ಸಲ್ಲಬೇಕು. ಕಂಚಿನ ವಿಗ್ರಹ ಎರೆದವನ ಹೆಸರು ಚರಿತ್ರೆಯಲ್ಲಿ ಉಳಿಯಲಿಲ್ಲ, ವಿಗ್ರಹವಾದರೂ ಉಳಿಯಿತು. ಅಲ್ಯೂಮಿನಿಯಂ ಬಿಡಿಭಾಗವು ಸವೆದ ಮೇಲೆ ಗುಜರಿಗೆ ಹೋಗಿ ಮತ್ತೆ ಮೂಸೆ ಸೇರುತ್ತದೆ. ಅದನ್ನು ಎರೆದ ಕೈಯ ಅರಿವು ಉಳಿಯಬೇಕಾದರೆ ಅದು ಬರಹದಲ್ಲಿಯೇ ಉಳಿಯಬೇಕು.