ಚಿತ್ತಾಕುಲದ ಬಚ್ಚಲುಮನೆಯೂ ತಾಪನಿಯಂತ್ರಕದ ತಂತಿಯೂ

ಕಾಳೀನದಿಯ ಅಳಿವೆಯ ಉತ್ತರ ದಂಡೆಯಲ್ಲಿರುವ ಚಿತ್ತಾಕುಲವು ಪೋರ್ಚುಗೀಸರ ಬರಹಗಳಲ್ಲಿ ‘ಸಿಂತಾಕೋರಾ’ ಎಂದು ಕಾಣಿಸಿಕೊಳ್ಳುತ್ತದೆ. ಸದಾಶಿವಗಡದ ಕೋಟೆಯಿಂದಾಗಿ ಈ ಊರು ರಾಜಕೀಯ ಇತಿಹಾಸದ ಅಭ್ಯಾಸಿಗಳಿಗೆ ಪರಿಚಿತವಾದುದೇ ಆಗಿದೆ. ಇಲ್ಲಿಯ ಮನೆಗಳಲ್ಲಿ ಉಷ್ಣವನ್ನು ಬಳಸಿಕೊಂಡ ಬಗೆಯೂ ಇತಿಹಾಸದ ವಿಷಯವೇ ಎಂದು ನಾವು ಭಾವಿಸುತ್ತೇವೆ.

ತಾಪನಿಯಂತ್ರಕವು ಶೀತದೇಶಗಳಲ್ಲಿ ಬೆಳೆದ ಸಾಧನ. ಎರಡು ಲೋಹಗಳ ಪಟ್ಟಿಯು ಕಾಯ್ದಾಗ ಬಾಗುವ ಗುಣವನ್ನು ಆಧರಿಸಿ ಆಂಡ್ರ್ಯೂ ಯೂರ್ 1830ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಅಮೆರಿಕದಲ್ಲಿ ವಾರನ್ ಜಾನ್ಸನ್ 1883ರಲ್ಲಿ ವಿದ್ಯುತ್ತಿನಿಂದ ಉಷ್ಣತೆಯ ಸೂಚನೆ ಕೊಡುವ ಸಾಧನಕ್ಕೆ ಪೇಟೆಂಟ್ ಪಡೆದನು. ಆ ದೇಶದ ಮನೆಗಳಲ್ಲಿ ನಿಯಂತ್ರಕವು ಗೋಡೆಯ ಮೇಲೂ ಕುಲುಮೆಯು ನೆಲಮಾಳಿಗೆಯಲ್ಲೂ ಇರುವುದು ವಾಡಿಕೆ. ನಡುವಣ ತಂತಿಯು ಸಾಮಾನ್ಯವಾಗಿ 24 ವೋಲ್ಟಿನಲ್ಲಿ ಸಂಕೇತವನ್ನಷ್ಟೇ ಒಯ್ಯುವುದರಿಂದ ತೆಳುವಾದ ತಂತಿಯೇ ಸಾಕಾಗುತ್ತದೆ. ಎಳೆಗಳ ಸಂಖ್ಯೆಯೊಂದನ್ನು ಸರಿಯಾಗಿ ಗೊತ್ತುಮಾಡಬೇಕಾಗುತ್ತದೆ.

ನಮ್ಮ ಕರಾವಳಿಯಲ್ಲಿ ಮನೆಯನ್ನು ಕಾಯಿಸುವ ಪ್ರಸಂಗವೇ ಇಲ್ಲ. ಕಾಯಬೇಕಾದುದು ಸ್ನಾನದ ನೀರು. ಸೌದೆಯ ಒಲೆಯ ಮೇಲಿನ ಹಂಡೆಯ ಸ್ಥಾನಕ್ಕೆ ಗೀಸರು ಬಂದಾಗ ತಾಪನಿಯಂತ್ರಕವೂ ಅದರೊಡನೆ ಬಂದಿತು. ಸಾಮಾನ್ಯ ಗೀಸರಿನಲ್ಲಿ ಕಾಯಿಸುವ ಸುರುಳಿಗೆ ಹೋಗುವ ಪ್ರವಾಹವೆಲ್ಲವೂ ನಿಯಂತ್ರಕದ ಮೂಲಕವೇ ಹರಿಯುತ್ತದೆ. 2000 ವಾಟಿನ ಗೀಸರು 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಆದುದರಿಂದ ಶೀತದೇಶದ ಸಂಕೇತದ ತಂತಿಯನ್ನು ಇಲ್ಲಿ ಬಳಸಿದರೆ ಅದು ಕಾಯ್ದು ಬೆಂಕಿಗೆ ಕಾರಣವಾದೀತು. 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯೂ 16 ಆಂಪಿಯರಿನ ಪ್ಲಗ್ಗೂ ಬೇಕೆಂಬ ರೂಢಿಯ ಕಾರಣ ಇದೇ.

ತಂತಿಯ ಹೊದಿಕೆಗೂ ಇತಿಹಾಸವುಂಟು. ಹಳೆಯ ಮನೆಗಳಲ್ಲಿ ಮರದ ಪಟ್ಟಿಗಳ ಮೇಲೆ ಹಾಯಿಸಿದ ರಬ್ಬರಿನ ಹೊದಿಕೆಯ ತಂತಿಗಳು ಕಾಲಕ್ರಮದಲ್ಲಿ ಒಣಗಿ ಬಿರಿಯುತ್ತಿದ್ದವು. ಅವುಗಳ ಸ್ಥಾನವನ್ನು ಪಿವಿಸಿ ಹೊದಿಕೆ ಆಕ್ರಮಿಸಿತು. ತಾಮ್ರದ ಅಭಾವವಿದ್ದಾಗ ದೇಶದಲ್ಲಿ ಅಲ್ಯೂಮಿನಿಯಮ್ ತಂತಿಯೂ ಬಳಕೆಗೆ ಬಂದಿತು. ಇದರ ವಿದ್ಯುನ್ನಿರೋಧವು ಅದೇ ಗಾತ್ರದ ತಾಮ್ರದ ಸುಮಾರು 1.6ರಷ್ಟು. ಮೇಲಾಗಿ, ಉಪ್ಪಿನ ತೇವವಿರುವ ಕಡಲ ಗಾಳಿಯಲ್ಲಿ ತಾಮ್ರ-ಅಲ್ಯೂಮಿನಿಯಮ್‌ಗಳ ಕೂಡುಗಂಟು ಬೇಗ ಸವೆದು ಬಿಸಿಯಾಗುತ್ತದೆ. ಅಳಿವೆಯ ಊರಿಗೆ ತಾಮ್ರವೇ ಯೋಗ್ಯವೆಂದು ಇದರಿಂದ ಸಿದ್ಧವಾಗುತ್ತದೆ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ನಿಯಂತ್ರಕವು ಸಾಮಾನ್ಯವಾಗಿ ಒಂದೇ ತಂತಿಯನ್ನು ಕಡಿಯುತ್ತದೆ. ಫೇಸ್ ಮತ್ತು ನ್ಯೂಟ್ರಲ್ ತಂತಿಗಳು ಅದಲುಬದಲಾದರೆ ನೀರು ಕಾಯುವುದು ನಿಂತ ಮೇಲೂ ಸುರುಳಿಯಲ್ಲಿ ವಿದ್ಯುತ್ತು ಉಳಿದಿರುತ್ತದೆ. ಇಂಥಲ್ಲಿ ಭೂಸಂಪರ್ಕದ ತಂತಿಯೂ, 30 ಮಿಲಿಆಂಪಿಯರಿನ ಸೋರಿಕೆಗೇ ಪ್ರವಾಹವನ್ನು ಕಡಿಯುವ ಸಾಧನವೂ ಪ್ರಾಣರಕ್ಷಕಗಳಾಗಿವೆ.

ಇದೇ ಕಾಳೀನದಿಯ ಕದ್ರಾದಲ್ಲಿ 150 ಮೆಗಾವಾಟಿನ ಜಲವಿದ್ಯುತ್ ಕೇಂದ್ರವಿದೆ. ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಪರಮಾಣು ಘಟಕಗಳಿವೆ. ಇಷ್ಟು ದೊಡ್ಡ ಶಕ್ತಿಯನ್ನು ಪಳಗಿಸಿದ ನದೀತೀರದಲ್ಲಿ, ದೀಪಗಳಿಗೆಂದು ಹಾಯಿಸಿದ ಹಳೆಯ ತಂತಿಗೆ ಗೀಸರನ್ನು ಜೋಡಿಸುವ ಅಭ್ಯಾಸವು ಉಳಿಯಬಾರದು. ಸಾಧನದೊಡನೆ ಅದರ ಶಿಸ್ತೂ ಮನೆಯನ್ನು ಪ್ರವೇಶಿಸಿತೇ ಎಂಬುದನ್ನು ಯಂತ್ರಗಳ ಇತಿಹಾಸವನ್ನು ಓದುವ ವಿದ್ಯಾರ್ಥಿಗಳು ವಿಚಾರಿಸಬೇಕು.