ನಟಿಯೊಬ್ಬಳ ನಿರ್ದೇಶನ: ‘ಮಕ್ಕಳ ಸೈನ್ಯ’ದ ಸ್ಥಾನ

ಹನೂರು, ಕೊಳ್ಳೇಗಾಲಗಳ ಸೀಮೆಯು 1956ನೆಯ ಇಸವಿಯ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸಿನ ಆಡಳಿತಕ್ಕೆ ಒಳಪಟ್ಟು ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಆಡುವ ನುಡಿ ಕನ್ನಡವಾಗಿದ್ದರೂ ಕಡತಗಳಲ್ಲಿ ಅದು ತಮಿಳು ಜಿಲ್ಲೆಯೊಂದರ ಭಾಗ. ಎರಡು ನುಡಿಗಳ ನಡುವೆ ನಿಂತ ವಸ್ತುವು ಎರಡು ಕಡೆಯ ಲೆಕ್ಕದಿಂದಲೂ ಜಾರಿಹೋಗುವುದುಂಟೆಂಬುದನ್ನು ಗಡಿನಾಡಿನವರು ಚೆನ್ನಾಗಿ ಬಲ್ಲರು. ಚಲಚ್ಚಿತ್ರದ ಚರಿತ್ರೆಯಲ್ಲಿಯೂ ಇಂತಹ ನಿದರ್ಶನವೊಂದುಂಟು. ಪ್ರಕೃತ ಲೇಖನದ ವಿಷಯವು ಅದೇ.

ಕನ್ನಡದ ಮೊದಲ ಚಿತ್ರನಿರ್ದೇಶಕಿ ಶ್ರೀಮತಿ ಪ್ರೇಮಾ ಕಾರಂತರೆಂದು ಹೇಳುವ ವಾಡಿಕೆಯಿದೆ. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಶಿಕ್ಷಣ ಪಡೆದು ರಂಗಭೂಮಿಯಲ್ಲಿ ದುಡಿದ ಅವರು, ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿ ‘ಫಣಿಯಮ್ಮ’ವನ್ನು ನಿರ್ದೇಶಿಸಿದರು. ಆ ಚಿತ್ರಕ್ಕೆ 1982ನೆಯ ಸಾಲಿನ ಶ್ರೇಷ್ಠ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ದೊರೆಯಿತು. ಅದರ ಹಿರಿಮೆ ನಿರ್ವಿವಾದವಾದುದು. ಆದರೆ ಕಾಲಾನುಕ್ರಮವನ್ನು ನೋಡಿದರೆ 1980ರಲ್ಲಿಯೇ ನಟಿ ಲಕ್ಷ್ಮಿಯವರ ನಿರ್ದೇಶನದಲ್ಲಿ ‘ಮಕ್ಕಳ ಸೈನ್ಯ’ ಎಂಬ ಕನ್ನಡ ಚಿತ್ರವು ತೆರೆಕಂಡಿದ್ದಿತು.

ಲಕ್ಷ್ಮಿಯವರಿಗೆ ಈ ಕಲೆಯು ಮನೆತನದಿಂದ ಬಂದುದು. 1934ರಲ್ಲಿ ತೆರೆಕಂಡ ಕನ್ನಡದ ಪ್ರಥಮ ವಾಕ್ಚಿತ್ರ ‘ಸತಿ ಸುಲೋಚನ’ವನ್ನು ನಿರ್ದೇಶಿಸಿದ ವೈ. ವಿ. ರಾವ್ ಅವರ ತಂದೆ. ನಟಿ ಕುಮಾರಿ ರುಕ್ಮಿಣಿ ಅವರ ತಾಯಿ. 1968ರ ‘ಗೋವಾದಲ್ಲಿ ಸಿ.ಐ.ಡಿ. 999’ ಚಿತ್ರದಿಂದ ಕನ್ನಡಕ್ಕೆ ಬಂದ ಅವರು ದಕ್ಷಿಣದ ನಾಲ್ಕು ಭಾಷೆಗಳಲ್ಲಿಯೂ ಅಭಿನಯಿಸಿ, 1976ನೆಯ ಸಾಲಿನ ಶ್ರೇಷ್ಠ ನಟಿಯೆಂಬ ರಾಷ್ಟ್ರಪ್ರಶಸ್ತಿಯನ್ನು ತಮಿಳು ಚಿತ್ರವೊಂದಕ್ಕಾಗಿ ಪಡೆದರು.

‘ಮಕ್ಕಳ ಸೈನ್ಯ’ದ ತಮಿಳು ರೂಪವು ‘ಮಳಲೈ ಪಟ್ಟಾಳಂ’ ಎಂಬುದು. ಎರಡಕ್ಕೂ ನಿರ್ದೇಶಕಿ ಲಕ್ಷ್ಮಿಯವರೇ, ನಾಯಕ ವಿಷ್ಣುವರ್ಧನ್. ಮಕ್ಕಳಿರುವ ವಿಧುರನೂ ಮಕ್ಕಳಿರುವ ವಿಧವೆಯೂ ಒಂದಾಗುವ ಕಥೆಗೆ 1968ರ ಅಮೆರಿಕದ ಹಾಸ್ಯಚಿತ್ರವೊಂದು ಮೂಲ. ಕೆ. ಬಾಲಚಂದರ್ ಅವರು ಮೇಲ್ವಿಚಾರಣೆ ನಡೆಸಿದರೆಂಬುದನ್ನು ಮುಂದೊಡ್ಡಿ ಕರ್ತೃತ್ವವನ್ನು ಶಂಕಿಸುವವರಿರಬಹುದು. ಗುರುವಿನ ನೆರವಿನಿಂದ ಮೊದಲ ಕೃತಿ ರಚಿಸಿದ ಶಿಷ್ಯನ ಹೆಸರನ್ನು ಸಾಹಿತ್ಯಚರಿತ್ರೆಯು ಅಳಿಸುವುದಿಲ್ಲ. ಇಲ್ಲಿಯೂ ಅದೇ ನ್ಯಾಯವು ಸಲ್ಲಬೇಕು.

ನಟಿಯರು ನಿರ್ದೇಶಕಿಯರಾಗುವುದು ಭಾರತಕ್ಕೆ ಹೊಸತಲ್ಲ. ಮೂಕಚಿತ್ರಗಳ ಕಾಲದಲ್ಲಿ ಫಾತ್ಮಾ ಬೇಗಂ ಅವರು 1926ರಲ್ಲಿಯೂ, ತಮಿಳಿನಲ್ಲಿ ಟಿ. ಪಿ. ರಾಜಲಕ್ಷ್ಮಿಯವರು 1936ರಲ್ಲಿಯೂ ಈ ದಾರಿಯನ್ನು ತೆರೆದರು. ಭಾನುಮತಿಯವರು 1953ರಲ್ಲಿ ‘ಚಂಡೀರಾಣಿ’ಯನ್ನು ತೆಲುಗು, ತಮಿಳು, ಹಿಂದಿಗಳಲ್ಲಿ ತೆಗೆದರು. ಲಕ್ಷ್ಮಿಯವರ ದ್ವಿಭಾಷಾ ಪ್ರಯತ್ನವು ಈ ಪರಂಪರೆಗೆ ಸೇರಿದುದು. ಪ್ರೇಮಾ ಕಾರಂತರದು ರಂಗಭೂಮಿಯಿಂದಲೂ ಸಾಹಿತ್ಯದಿಂದಲೂ ಹೊರಟ ಬೇರೊಂದು ಹಾದಿ.

ಹಾಗಿದ್ದೂ ‘ಮಕ್ಕಳ ಸೈನ್ಯ’ವು ಮರೆಯಾದುದೇಕೆ? ನನ್ನ ಮಟ್ಟಿಗೆ ತೋರುವ ಕಾರಣಗಳು ಎರಡು. ಜನಪ್ರಿಯ ವಿನೋದಚಿತ್ರವನ್ನು ವಿದ್ವಾಂಸರು ಗಣಿಸುವುದು ವಿರಳ. ಪ್ರಶಸ್ತಿಯೂ ಕಾದಂಬರಿಯೂ ಬೆನ್ನಿಗಿರುವ ಚಿತ್ರವೇ ನಮ್ಮ ಪಾಠಗಳಿಗೆ ಒದಗುತ್ತದೆ. ಮೇಲಾಗಿ ಲಕ್ಷ್ಮಿಯವರು ಮುಂದೆ ‘ಹೂವು ಹಣ್ಣು’ (1993) ಮೊದಲಾದ ಚಿತ್ರಗಳಲ್ಲಿ ನಟಿಯಾಗಿಯೇ ಕೀರ್ತಿ ಪಡೆದುದರಿಂದ ಅವರ ನಿರ್ದೇಶನವು ಆ ಕೀರ್ತಿಯ ನೆರಳಿನಲ್ಲಿ ಉಳಿಯಿತು.

‘ಫಣಿಯಮ್ಮ’ದ ಗೌರವವನ್ನು ತಗ್ಗಿಸುವುದು ಇಲ್ಲಿಯ ಉದ್ದೇಶವಲ್ಲ. ಶ್ರೇಷ್ಠತೆ ಬೇರೆ, ಪ್ರಾಥಮ್ಯ ಬೇರೆ. ಒಂದನ್ನು ಮನ್ನಿಸುವ ಭರದಲ್ಲಿ ಇನ್ನೊಂದನ್ನು ತಪ್ಪಾಗಿ ಬರೆದರೆ, ದುಡಿದ ಹೆಂಗಸೊಬ್ಬಳ ಹೆಸರು ಚರಿತ್ರೆಯಿಂದ ಬಿಟ್ಟುಹೋಗುತ್ತದೆ. ಪಾಠ ಹೇಳುವವರು 1980ನ್ನು ಮೊದಲು ಹೇಳಿ, ಆ ಬಳಿಕ ‘ಫಣಿಯಮ್ಮ’ವನ್ನು ಹೊಗಳಲಿ, ಇಬ್ಬರಿಗೂ ನ್ಯಾಯ ದೊರೆಯುತ್ತದೆ.