ಏಂಜೆಲ್ ಮೀನು ಮನೆಗೆ ಬಂದ ಕಥೆ

ಊರು ಬಿಟ್ಟು ಬಂದವರ ಕಥೆ ನಮ್ಮ ಸಂಚಿಕೆಗೆ ಹೊಸದೇನಲ್ಲ. ಈ ಸಲ ನಾನು ಹೇಳೋದು ಏಂಜೆಲ್ ಮೀನಿನ ಕಥೆ. ನಮ್ಮಲ್ಲಿ ಕೆಲವರ ರೂಮಿನಲ್ಲಿ ಗಾಜಿನ ತೊಟ್ಟಿ ಇದೆ. ಅದರಲ್ಲಿ ಚಪ್ಪಟೆಯಾಗಿ, ಪತಂಗದ ಹಾಗೆ ರೆಕ್ಕೆ ಬಿಚ್ಚಿಕೊಂಡು ತೇಲುತ್ತಲ್ಲ, ಅದೇ.

ಇದರ ತವರು ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆ. ನಿಧಾನಕ್ಕೆ ಹರಿಯುವ ಬೆಚ್ಚಗಿನ ನೀರಿನಲ್ಲಿ, ಮುಳುಗಿದ ಬೇರು ಕೊಂಬೆಗಳ ನಡುವೆ ಇದರ ಬದುಕು. ಮೈಮೇಲಿನ ಕಪ್ಪು ಪಟ್ಟೆ ಇರೋದೇ ಅಲ್ಲಿ ಅಡಗೋದಕ್ಕೆ. 1823ರಲ್ಲಿ ಜರ್ಮನಿಯ ವಿದ್ವಾಂಸರು ಲ್ಯಾಟಿನ್‌ನ ಮೆಟ್ಟಿಲು ಅನ್ನೋ ಪದದಿಂದ ಇದಕ್ಕೊಂದು ಹೆಸರು ಕೊಟ್ಟರು. 1840ರಲ್ಲಿ ವಿಯೆನ್ನಾದ ಹೆಕೆಲ್ ಇದರ ಕುಲಕ್ಕೆ ಟೆರೊಫಿಲಮ್ ಅಂತ ಹೆಸರಿಟ್ಟ. ರೆಕ್ಕೆಯಂಥ ಎಲೆ ಅಂತ ಅರ್ಥ. ಆದರೆ ಅವರು ನೋಡಿದ್ದು ಸತ್ತ ಮೀನನ್ನ. ಜೀವಂತ ಏಂಜೆಲ್ ಹಡಗು ಹತ್ತಿ ಹ್ಯಾಂಬರ್ಗ್ ಬಂದರು ಮುಟ್ಟಿದ್ದು 1910ರ ಆಸುಪಾಸಿನಲ್ಲಿ. ಜರ್ಮನ್ನರು ಹಾಯಿಪಟದಂಥ ರೆಕ್ಕೆ ನೋಡಿ 'ಸೇಗಲ್‌ಫ್ಲೋಸರ್' ಅಂದರು.

ಈ ಮೀನಿನ ಚರಿತ್ರೆ ಬರೆದವರು ಹೆಚ್ಚಾಗಿ ಬಣ್ಣದ ಬಗ್ಗೆ ಬರೀತಾರೆ: ಬಿಳಿ, ಕಪ್ಪು, ಬಂಗಾರ. ವೈರಿಂಗ್ ಕೆಲಸದವನಾದ ನನಗೆ ಕಾಣೋದು ಬೇರೆ. ಶಾಖ, ಗಾಳಿ, ಮರಿಯ ಊಟ, ಈ ಮೂರೂ ಕೈಗೆ ಸಿಕ್ಕಿದ ಮೇಲೆ ಏಂಜೆಲ್ ಮನೆಮನೆಯ ಮೀನಾಯ್ತು.

ಮೊದಲು ಶಾಖ. ಇದಕ್ಕೆ 26-28 ಡಿಗ್ರಿ ನೀರು ಬೇಕು. ಯೂರೋಪಿನ ಚಳಿಯಲ್ಲಿ ಆಗಿನವರು ತೊಟ್ಟಿಯ ತಳದಲ್ಲಿ ಗ್ಯಾಸ್ ಅಥವಾ ಸ್ಪಿರಿಟ್ ದೀಪ ಉರಿಸುತ್ತಿದ್ದರು. ರಾತ್ರಿ ದೀಪ ಆರಿದರೆ ಕಥೆ ಮುಗೀತು. ಆಮೇಲೆ ಬಂದದ್ದು ಕರೆಂಟಿನ ಹೀಟರು: ಗಾಜಿನ ಕೊಳವೆ, ಒಳಗೆ ನೈಕ್ರೋಮ್ ತಂತಿ, ಜೊತೆಗೆ ಬೈಮೆಟಲ್ ಪಟ್ಟಿ. ಐಟಿಐನಲ್ಲಿ ಇಸ್ತ್ರಿಪೆಟ್ಟಿಗೆ ಬಿಚ್ಚಿ ತೋರಿಸುತ್ತಿದ್ದರಲ್ಲ, ಅದೇ ಪಟ್ಟಿ. ಬಿಸಿಯಾದರೆ ಬಾಗಿ ಕಾಂಟ್ಯಾಕ್ಟ್ ಬಿಡಿಸುತ್ತೆ, ತಣ್ಣಗಾದರೆ ಮತ್ತೆ ಕೂಡಿಸುತ್ತೆ. ಮರಳುಗಾಡಿನಲ್ಲಿದ್ದರೂ ನಮಗೆ ಈ ಹೀಟರು ಬೇಕು, ಯಾಕಂದ್ರೆ ರೂಮಿನ ಏಸಿ ರಾತ್ರಿಯೆಲ್ಲಾ ಓಡುತ್ತೆ.

ಎರಡನೇದು ಗಾಳಿ. ಚಿಕ್ಕ ಏರ್ ಪಂಪಿನೊಳಗೆ ಇರೋದು ಒಂದು ಕಾಯಿಲ್, ಒಂದು ಅಯಸ್ಕಾಂತ, ಒಂದು ರಬ್ಬರ್ ಪೊರೆ. ನಮ್ಮ 50 ಸೈಕಲ್ ಕರೆಂಟಿಗೆ ಆ ಅಯಸ್ಕಾಂತ ಸೆಕೆಂಡಿಗೆ 50 ಸಲ ಅಲ್ಲಾಡುತ್ತೆ. ಆ ಗುಂಯ್ ಶಬ್ದ ಅದರದ್ದೇ.

ಮೂರನೇದು ಊಟ. ಈಜಲು ಶುರು ಮಾಡಿದ ಮರಿಗೆ ಒಣ ಪುಡಿ ಹಿಡಿಸೋದಿಲ್ಲ, ಅಲ್ಲಾಡುವ ಜೀವ ಬೇಕು. 1933ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆಲ್ವಿನ್ ಸೀಲ್, 1939ರಲ್ಲಿ ನಾರ್ವೆಯ ರೊಲೆಫ್ಸನ್, ಇಬ್ಬರೂ ಆರ್ಟೀಮಿಯಾ ಅನ್ನೋ ಉಪ್ಪುನೀರಿನ ಪುಟ್ಟ ಸೀಗಡಿಯ ಮರಿ ಇದಕ್ಕೆ ತಕ್ಕ ಊಟ ಅಂತ ತೋರಿಸಿದರು. ಇದರ ಒಣಗಿದ ಮೊಟ್ಟೆ ಡಬ್ಬಿಯಲ್ಲಿ ವರ್ಷಗಟ್ಟಲೆ ಇರುತ್ತೆ. ಬೆಚ್ಚಗಿನ ಉಪ್ಪುನೀರಿಗೆ ಹಾಕಿ ಗಾಳಿ ಬಿಟ್ಟರೆ ಸುಮಾರು ಒಂದು ದಿನದಲ್ಲಿ ಒಡೆಯುತ್ತೆ.

ಇಷ್ಟೂ ಸಿಕ್ಕಿದ ಮೇಲೆ ಸಾಕುವವರಿಗೆ ಒಂದು ಯೋಚನೆ ಬಂತು: ತಂದೆತಾಯಿ ಮೀನು ಯಾಕೆ ಬೇಕು?

ಸಹಜವಾಗಿ ಏನಾಗುತ್ತೆ ನೋಡಿ. ಜೋಡಿ ಸೇರಿ ಒಂದು ನೆಟ್ಟಗಿನ ಎಲೆ ಅಥವಾ ಕಲ್ಲು ಉಜ್ಜಿ ಶುದ್ಧ ಮಾಡುತ್ತವೆ. ಹೆಣ್ಣು ನೂರಾರು ಮೊಟ್ಟೆ ಸಾಲಾಗಿ ಅಂಟಿಸುತ್ತೆ. ಆಮೇಲೆ ಎರಡೂ ಸರದಿ ಮೇಲೆ ರೆಕ್ಕೆ ಬೀಸಿ ನೀರಾಡಿಸುತ್ತವೆ, ಬೆಳ್ಳಗಾದ ಕೆಟ್ಟ ಮೊಟ್ಟೆ ಆರಿಸಿ ತೆಗೆಯುತ್ತವೆ. ಎರಡು ಮೂರು ದಿನಕ್ಕೆ ಒಡೆದು, ಮರಿಗಳು ತಲೆಯ ಅಂಟಿನಿಂದ ಎಲೆಗೆ ನೇತಾಡುತ್ತವೆ. ಬಿದ್ದ ಮರಿಯನ್ನ ಬಾಯಲ್ಲಿ ಎತ್ತಿ ಮತ್ತೆ ಅಂಟಿಸುತ್ತವೆ. ಇನ್ನೈದಾರು ದಿನಕ್ಕೆ ಮರಿ ಈಜುತ್ತೆ, ಗುಂಪಾಗಿ ಹೆತ್ತವರ ಸುತ್ತ. ಆದರೆ ಗಾಬರಿಯಾದರೆ ಅದೇ ಜೋಡಿ ಎಲ್ಲವನ್ನೂ ತಿಂದುಬಿಡುತ್ತೆ. ಹೊಸ ಜೋಡಿಯಂತೂ ಎಷ್ಟೋ ಸಲ ಹೀಗೇ ಮಾಡುತ್ತೆ.

ಅದಕ್ಕೇ ವ್ಯಾಪಾರದವರು ಮೊಟ್ಟೆ ಇಟ್ಟ ಕಲ್ಲನ್ನೇ ಎತ್ತಿ ಬೇರೆ ಜಾಡಿಗೆ ಹಾಕಿದರು. ರೆಕ್ಕೆ ಬೀಸೋ ಬದಲು ಏರ್ ಸ್ಟೋನ್, ಕೆಟ್ಟ ಮೊಟ್ಟೆ ಆರಿಸೋ ಬದಲು ಬೂಸ್ಟು ತಡೆಯಲು ಮೆಥಿಲೀನ್ ಬ್ಲೂ. ಚೆನ್ನೈನ ಕೊಳತ್ತೂರಿನಲ್ಲಿ ಮೀನು ಸಾಕೋದು ಮನೆಮನೆ ಕಸುಬು. ಅಲ್ಲಿಯ ಸೆಕೆಗೆ ಹೀಟರಿನ ಖರ್ಚೂ ಕಡಿಮೆ. ನಮ್ಮ ಬೆಂಗಳೂರಿನ ಅಂಗಡಿಗಳಿಗೂ ಅಲ್ಲಿಂದ ಮೀನು ಬರುತ್ತೆ. ಈಗ ಅಂಗಡಿಯಲ್ಲಿ ಸಿಗೋ ಏಂಜೆಲ್ ಹೆಚ್ಚುಪಾಲು ತೊಟ್ಟಿಯಲ್ಲೇ ಹುಟ್ಟಿದ್ದು, ಅಮೆಜಾನ್ ಕಂಡದ್ದಲ್ಲ. ತನ್ನ ಹೆತ್ತವರನ್ನ ಕಂಡದ್ದೂ ಅಲ್ಲ.

ಇದು ತಪ್ಪು ಅಂತ ನಾನು ಹೇಳಲ್ಲ. ಎಷ್ಟೋ ಮನೆ ಇದರಿಂದ ನಡೀತಿದೆ, ಮರಿಗಳೂ ಬದುಕುತ್ತಿವೆ. ನಾವೂ ತಿಂಗಳು ತಿಂಗಳು ಊರಿಗೆ ಕಳಿಸೋದು ಫೀಸು, ರೇಷನ್ನು, ಮನೆಯ ಕರೆಂಟ್ ಬಿಲ್ಲು. ಅದರಿಂದ ಮಕ್ಕಳು ಚೆನ್ನಾಗಿಯೇ ಬೆಳೀತಾರೆ. ನನ್ನ ಮಗಳೂ ಹಾಗೇ ಬೆಳೀತಿದ್ದಾಳೆ. ಆದರೆ ಏರ್ ಸ್ಟೋನಿಗೆ ಬಿದ್ದ ಮರಿಯನ್ನ ಎತ್ತೋಕೆ ಬರಲ್ಲ. ಅದು ನಮಗೆಲ್ಲ ಗೊತ್ತಿರೋ ವಿಷಯ.

ತೊಟ್ಟಿ ಇರೋ ಗೆಳೆಯರಿಗೆ ಒಂದು ಮಾತು. ನಿಮ್ಮ ಜೋಡಿ ಮುಂದಿನ ಸಲ ಮೊಟ್ಟೆ ಇಟ್ಟರೆ ಕಲ್ಲು ತೆಗೀಬೇಡಿ. ತೊಟ್ಟಿಗೆ ಮೂರು ಕಡೆ ಪೇಪರ್ ಅಂಟಿಸಿ, ರಾತ್ರಿ ಒಂದು ಮಂದ ದೀಪ ಬಿಡಿ, ಬೇರೆ ಮೀನು ಇದ್ದರೆ ಎತ್ತಿಡಿ. ತಿಂದರೆ ತಿನ್ನಲಿ, ಎರಡು ಮೂರು ವಾರದಲ್ಲಿ ಮತ್ತೆ ಇಡುತ್ತವೆ. ಮೂರನೇ ನಾಲ್ಕನೇ ಸಲಕ್ಕೆ ಎಷ್ಟೋ ಜೋಡಿಗಳು ಸಾಕೋದು ಕಲೀತವೆ. ಡ್ಯೂಟಿ ಮುಗಿಸಿ ಬಂದು ಹತ್ತು ನಿಮಿಷ ಅದನ್ನ ನೋಡಿ.